ಒಂದೇ ತಂತಿಯಲ್ಲಿ ಎರಡು ಕರೆ

ಬಂಗಾರಪೇಟೆ
೧೬ ಫೆಬ್ರವರಿ ೨೦೨೫, ಭಾನುವಾರ

          ಅಂಬರೀಶನಿಗೆ,

ಹೆಸರಿಗೆ ಮೊದಲು ಒಂದು ಪದದಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಏನು ಬರೆಯುವುದು ಅಂತ ತಿಳಿಯಲಿಲ್ಲ, ಬಿಟ್ಟೆ. ಕ್ಷೇಮವಾಗಿದ್ದೀಯಾ? ಮಾವನ ಕೆಮ್ಮು ಹೇಗಿದೆ? ಎರಡು ಪ್ರಶ್ನೆ ಕೇಳಿದ್ದೇನೆ, ಎರಡಕ್ಕೂ ಬೇರೆ ಬೇರೆ ಉತ್ತರ ಬರೆಯಬೇಕು. ಎರಡನ್ನೂ ಒಂದೇ ಮಾತಿನಲ್ಲಿ ಸುತ್ತಿ ಕೊಟ್ಟರೆ ನಾನು ತೆಗೆದುಕೊಳ್ಳುವುದಿಲ್ಲ.

ಇಲ್ಲಿಂದ ನಿಮ್ಮ ಕೋರಮಂಡಲ್‌ಗೆ ರೈಲು ಹತ್ತಿದರೆ ಕೂತ ಜಾಗ ಬಿಸಿಯಾಗುವಷ್ಟರಲ್ಲಿ ಇಳಿಯಬೇಕು. ಇಷ್ಟಕ್ಕೆ ಇವಳು ಕಾಗದ ಬರೆಯಲು ಕೂತಳಲ್ಲ ಅಂತ ನಗಬೇಡ. ವಾಟ್ಸಾಪಿನಲ್ಲಿ ಬರೆದರೆ ಏನಾಗುತ್ತದೆ ಅಂತ ನಿನಗೂ ಗೊತ್ತು. ಓದುವ ಮೊದಲೇ ಹೆಬ್ಬೆರಳು ಕಳಿಸುತ್ತೀಯ, ಇಲ್ಲವಾದರೆ 'ಆಯ್ತು' ಅಂತ ಕಳಿಸುತ್ತೀಯ. ಕಳೆದ ವರ್ಷ ವಕೀಲರು ಕೊಟ್ಟ ಕಾಗದಗಳ ಫೋಟೊ ತೆಗೆದು, ಇಬ್ಬರೂ ಒಪ್ಪಿ ಬೇರೆಯಾಗುವ ಅರ್ಜಿ ಇದು, ನಿಧಾನವಾಗಿ ಓದಿ ನೋಡು ಅಂತ ಕಳಿಸಿದೆ. ನಾನು ಫೋನನ್ನು ಮೇಜಿನ ಮೇಲೆ ಇಡುವಷ್ಟರಲ್ಲಿ 'ಆಯ್ತು' ಬಂದುಬಿಟ್ಟಿತ್ತು. ಮೊದಲ ಪುಟದಲ್ಲಿ ನಿನ್ನ ಅಪ್ಪನ ಹೆಸರು ಆರುಮುಗಂ ಅಂತ ಇರಬೇಕಾದ ಕಡೆ ಅವರು ಆರ್ಮುಗಮ್ ಅಂತ ಹಾಕಿದ್ದರು. ಅದನ್ನಾದರೂ ನೋಡಿದೆಯಾ ನೀನು? ಕಾಗದವಾದರೆ ಕವರು ಹರಿಯಬೇಕು, ಬಿಚ್ಚಬೇಕು, ಬೆಳಕಿಗೆ ಹಿಡಿಯಬೇಕು. ಅಷ್ಟು ಹೊತ್ತಾದರೂ ನನ್ನ ಮಾತು ನಿನ್ನ ಕೈಯಲ್ಲಿ ಇರಲಿ ಅಂತ ಬರೆಯುತ್ತಿದ್ದೇನೆ.

ವಿಷಯ ನಮ್ಮಿಬ್ಬರದಲ್ಲ, ಬೋರ್ಡಿನದು. ಕಾಮಸಮುದ್ರದ ಕಡೆಯ ಒಂದು ಹಾಲಿನ ಡೈರಿಯವರು ಬಂದಿದ್ದರು. ನನ್ನ ತವರೂರ ಡೈರಿಯ ಹಾಲಿನ ಟ್ಯಾಂಕಿಗೆ ನಾವಿಬ್ಬರೂ ಸೇರಿ ಮಾಡಿದ್ದ, ಹಾಲು ಕೆಡುವ ಮೊದಲೇ ಕೂಗಿ ಎಚ್ಚರಿಸುವ ಎಲೆಕ್ಟ್ರಾನಿಕ್ ಬೋರ್ಡು ಅವರಿಗೂ ಬೇಕಂತೆ. ಆ ಬೋರ್ಡು ಕೂಗದೆ ಹಾಲು ಒಡೆದ ಸುದ್ದಿ ಅವರ ತನಕ ಹೋಗಿಲ್ಲ, ಅಥವಾ ಹೋಗಿದ್ದರೂ ಮರೆತಿದ್ದಾರೆ. ನಾನು ಮರೆತಿಲ್ಲವಲ್ಲ. ಕೊಡುವ ಮೊದಲು ಆ ಹಳೆಯ ಬೋರ್ಡನ್ನು ನೀನು ಸುತ್ತಿಟ್ಟಿದ್ದ ಟವೆಲ್ಲಿನಿಂದ ಬಿಚ್ಚಿ ಮೇಜಿನ ಮೇಲಿಟ್ಟೆ. ಟವೆಲ್ಲಿಗೆ ಇನ್ನೂ ಹುಳಿ ವಾಸನೆ ಇತ್ತು.

ನೆನಪಿದೆಯಾ, ಇದೆಲ್ಲ ಹೇಗೆ ಕೆಲಸ ಮಾಡುತ್ತದೆ ಅಂತ ಚಿಕ್ಕವೆಂಕಟಮ್ಮ ಕೇಳಿದ್ದು? ಪಾಪ, ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕುವವಳು, ಟ್ಯಾಂಕಿನ ಕೆಳಗೆ ಪಿಳಿಪಿಳಿ ಅನ್ನುವುದೇನು ಅಂತ ಅವಳಿಗೆ ಕುತೂಹಲ. ನಾನು ಹೇಳಿದೆ, ಅಜ್ಜಿ, ನೀನು ಒಲೆ ಮುಂದೆ ಮುದ್ದೆ ತಿರುವುತ್ತಾ ಇರ್ತೀಯ, ಹೊರಗೆ ಯಾರೋ ಕರೀತಾರೆ, ಕೋಲು ಬಿಟ್ಟು ಎದ್ದುಹೋಗಿ ನೋಡಿ, ಮತ್ತೆ ಬಂದು ಬಿಟ್ಟ ಕಡೆಯಿಂದಲೇ ತಿರುವುತ್ತೀಯ. ಬೋರ್ಡೂ ಹಾಗೇ ಏನೋ ಒಂದು ಕೆಲಸ ಮಾಡ್ತಾ ಇರುತ್ತೆ, ಹೊರಗಿನಿಂದ ಬರುವ ಕರೆಗೆ ಇಂಟರಪ್ಟ್ ಅಂತಾರೆ ಅಂತ. ಅದಕ್ಕೆ ಅವಳು, "ಅಂಗಾರೆ ನಮ್ಮನೇನಾಗೆ ದಿನಾ ಇಂಟರಪ್ಟೇ ಬಿಡಮ್ಮಿ, ಅದುಕ್ಕೇ ಮುದ್ದೆ ಗಂಟಾಗೋದು," ಅಂದಳು. ನೀನು ನಕ್ಕಿದ್ದೆ. ನೀನು ನಗುವುದೇ ಅಪರೂಪ, ಅದಕ್ಕೇ ನೆನಪು.

ನಮ್ಮ ಬೋರ್ಡಿಗೆ ಎರಡು ಕರೆ ಬೇಕಿತ್ತು. ಕರೆಂಟು ಹೋದರೂ ಬಂದರೂ ಒಂದು ಕರೆ, ಅದರ ಡ್ರೈವರ್, ಅಂದರೆ ಆ ಕರೆಯನ್ನು ನೋಡಿಕೊಳ್ಳುವ ಪ್ರೋಗ್ರಾಂ, ನಿನ್ನದು. ಹಾಲು ಬೆಚ್ಚಗಾದರೆ ಇನ್ನೊಂದು ಕರೆ, ಅದರ ಡ್ರೈವರ್ ನನ್ನದು. ಖಾಲಿ ಇದ್ದದ್ದು ಒಂದೇ ತಂತಿ. ಇದನ್ನೇ ಇಬ್ಬರೂ ಹಂಚಿಕೊಳ್ಳೋಣ, ಲಿನಕ್ಸಿನಲ್ಲಿ ಹಾಗೆ ಹಂಚಿಕೊಳ್ಳಬಹುದು ಅಂದವಳು ನಾನು. ನೀನು ಆಯ್ತು ಅಂದೆ. ತಂತಿ ಅಲುಗಿದರೆ ಮೊದಲು ನಿನ್ನ ಡ್ರೈವರಿನೊಳಗೆ ಕರೆಗೆ ಓಗೊಡುವ ಹ್ಯಾಂಡ್ಲರ್ ಎದ್ದು ನೋಡಬೇಕು, ಆಮೇಲೆ ನನ್ನದು. ಕರೆದದ್ದು ಯಾರು ಅಂತ ಚಿಪ್ಪಿನಲ್ಲಿ ಗುರುತು ಬಿದ್ದಿರುತ್ತದೆ, ಕರೆಂಟಿಗೊಂದು, ಹಾಲಿಗೊಂದು. ತನ್ನ ಗುರುತಿದ್ದರೆ ಕೆಲಸ ಮಾಡಿ ಆ ಗುರುತನ್ನು ಅಳಿಸಬೇಕು. ಇಲ್ಲದಿದ್ದರೆ ನಂದಲ್ಲ ಅಂತ ತಿಳಿಸಿ ಸುಮ್ಮನಾಗಬೇಕು. ಇದೆಲ್ಲ ನಿನಗೆ ಗೊತ್ತಿಲ್ಲ ಅಂತ ಬರೆಯುತ್ತಿಲ್ಲ. ಬರೆಯದೆ ಮುಂದಿನದನ್ನು ಹೇಳಲು ನನಗೆ ಬರುತ್ತಿಲ್ಲ.

ಆಗ ಪರೀಕ್ಷೆ ಮಾಡಿದ್ದು ಹೇಗೆ ಹೇಳು? ನಿನ್ನದನ್ನು ನೀನು ಪ್ಲಗ್ ಕಿತ್ತು ನೋಡಿದೆ. ನನ್ನದನ್ನು ನಾನು ಬಿಸಿನೀರಿನ ಲೋಟದಲ್ಲಿ ಸೆನ್ಸರ್ ಅದ್ದಿ ನೋಡಿದೆ. ಎರಡೂ ಊರಿಗೆಲ್ಲ ಕೇಳುವ ಹಾಗೆ ಕೂಗಿದವು. ನಿನ್ನ ಫೈಲು ನಾನು ಮುಟ್ಟಬಾರದು, ನನ್ನದು ನೀನು ಮುಟ್ಟಬಾರದು ಅಂತ ಮದುವೆಗೂ ಮೊದಲೇ ಒಪ್ಪಂದ ಬೇರೆ ಮಾಡಿಕೊಂಡಿದ್ದೆವಲ್ಲ, ಅದನ್ನು ದೊಡ್ಡ ಮರ್ಯಾದೆ ಅಂದುಕೊಂಡಿದ್ದೆವು. ಎರಡನ್ನೂ ಒಟ್ಟಿಗೆ ಕೂಗಿಸಿ ನೋಡುವುದು ಇಬ್ಬರಿಗೂ ಹೊಳೆಯಲಿಲ್ಲ.

ಈ ವಾರ ನೋಡಿದೆ. ಒಂದು ಕೈಯಲ್ಲಿ ಬಿಸಿನೀರಿನ ಲೋಟ, ಇನ್ನೊಂದು ಕೈಯಲ್ಲಿ ಪ್ಲಗ್ಗು. ಕೆಲವು ಸಲ ಎರಡೂ ಕೂಗಿದವು. ಕೆಲವು ಸಲ ನಿನ್ನದು ಮಾತ್ರ ಕೂಗಿತು, ನನ್ನದು ಸತ್ತ ಹಾಗೆ ಇತ್ತು. ನಿನ್ನ ಫೈಲು ತೆರೆದೆ. ಮುಟ್ಟಲಿಲ್ಲ, ಓದಿದೆ. ಹ್ಯಾಂಡ್ಲರಿನ ಮೊದಲ ಸಾಲಿನಲ್ಲೇ ನೀನು ಚಿಪ್ಪಿನ ಗುರುತುಗಳನ್ನೆಲ್ಲ ಒಂದೇ ಏಟಿಗೆ ಅಳಿಸಿಬಿಟ್ಟಿದ್ದೀಯ, ನಿನ್ನದನ್ನೂ ನನ್ನದನ್ನೂ ಸೇರಿಸಿ. ಅಳಿಸಿದ ಮೇಲೆ ನಿನ್ನ ಕೆಲಸವನ್ನು ಮಾತ್ರ ಮಾಡಿದ್ದೀಯ. ಆಮೇಲೆ ನನ್ನ ಹ್ಯಾಂಡ್ಲರ್ ಎದ್ದು ನೋಡುತ್ತದೆ, ಗುರುತೇ ಇಲ್ಲ, ನಂದಲ್ಲ ಅಂತ ಹೇಳಿ ಮಲಗುತ್ತದೆ. ಹಾಲು ಒಡೆದ ದಿನ ಮಧ್ಯಾಹ್ನ ಕರೆಂಟು ಹೋಗಿ ಬಂದು ಆಟವಾಡುತ್ತಿತ್ತಲ್ಲ, ಅದರ ಏಟಿಗೆ ಟ್ಯಾಂಕು ತಣ್ಣಗಿಡುವ ಕಂಪ್ರೆಸರ್ ನಿಂತುಹೋಗಿತ್ತು. ಹಾಲು ಬೆಚ್ಚಗಾಯಿತು ಅಂತ ಟ್ಯಾಂಕು ಕರೆದದ್ದು ಒಂದೇ ಸಲ. ಅದೇ ಗಳಿಗೆಗೆ ಕರೆಂಟಿನದೂ ಕರೆ ಬಂದು, ನೀನು ಎರಡಕ್ಕೂ ಆಯ್ತು ಅಂದುಬಿಟ್ಟಿದ್ದೆ.

ಆ ಸಾಲಿನ ಮೇಲೆ ನೀನು ಬರೆದಿಟ್ಟ ಟಿಪ್ಪಣಿಯನ್ನೂ ಓದಿದೆ. 'ಮೊದಲು ಬೆಲ್ಲು ವಾಪಸ್' ಅಂತ ಇತ್ತು. ಅದನ್ನು ಓದಿ ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಮಾವ ಚಿನ್ನದ ಗಣಿಯಲ್ಲಿ ಆಳುಗಳು ನಿಂತ ಕೇಜನ್ನು ಇಳಿಸಿ ಏರಿಸುವ ಇಂಜಿನ್ ಮುಂದೆ ಕೂರುತ್ತಿದ್ದ ಕಾಲದ ಪದ್ಧತಿ. ಕೆಳಗಿನಿಂದ ಎಷ್ಟು ಬೆಲ್ಲು ಬರುತ್ತದೋ ಅಷ್ಟೇ ಬೆಲ್ಲು ಮೊದಲು ವಾಪಸ್ ಹೊಡೆಯಬೇಕು. ಕೇಳಿಸಿತು ಅಂತ ಕೆಳಗಿದ್ದವರಿಗೆ ಗೊತ್ತಾಗಬೇಕು, ಕತ್ತಲಲ್ಲಿ ನಿಂತವರನ್ನು ಕಾಯಿಸಬಾರದು, ಮಿಕ್ಕಿದ್ದೆಲ್ಲ ಆಮೇಲೆ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ನಿಮ್ಮ ಮನೆಯಲ್ಲಿ ಮಾವ ಲೋಟ ಕುಟ್ಟಿದರೆ ನೀನು ಅಡುಗೆಮನೆಯಿಂದ ಅಷ್ಟೇ ಸಲ ಕುಟ್ಟುತ್ತೀಯ. ಕುಟ್ಟಿದ ಮೇಲೆ ನೀರು ತರುವುದನ್ನು ಮರೆತೂ ಹೋಗುತ್ತೀಯ. ನಿನ್ನ 'ಆಯ್ತು' ಅದೇ ವಾಪಸ್ ಬೆಲ್ಲು ಅಂತ ನನಗೆ ಮದುವೆಯಾದ ಹೊಸದರಲ್ಲಿ ಯಾರಾದರೂ ಹೇಳಬಾರದಿತ್ತಾ? ಎಲ್ಲರ ಹಾಗೆ ನಾನೂ ಆಯ್ತು ಅಂದರೆ ಒಪ್ಪಿದ್ದಾನೆ, ಕೆಲಸ ಮುಗಿಯಿತು ಅಂತಲೇ ತಿಳಿದುಕೊಂಡೆ. ನೀನು ಹೇಳುತ್ತಿದ್ದದ್ದು ಕೇಳಿಸಿತು ಅಂತ ಮಾತ್ರ.

ಡೈರಿ ಮುಂದೆ ಆದದ್ದೂ ಅದೇ. ಹಾಲನ್ನೆಲ್ಲ ಮೋರಿಗೆ ಬಿಟ್ಟ ದಿನ ಊರೇ ಸೇರಿತ್ತು. ನಮ್ಮಣ್ಣ ಮುನಿರಾಜು ಡೈರಿಯ ಸೆಕ್ರೆಟರಿ, ಅವನ ತಲೆಯ ಮೇಲೆ ಬಂದಿತ್ತು. "ಬಾವ, ನಿನ್ ಮಿಷಿನ್ ಕೂಗ್ನಿಲ್ಲ, ಅದುಕ್ಕೇ ಆಲೆಲ್ಲಾ ಒಡ್ದೋಯ್ತು ಅಂತ ಎಲ್ರೂ ಏಳ್ತಾವ್ರೆ. ತಪ್ಪು ನಂದೇ ಅಂತ ಒಪ್ಕೊಂಡು ಬಿಚ್ಕೊಂಡೋಗು," ಅಂದ. ನೀನು ಆಯ್ತು ಅಂದೆ. ಊರಿಗೆ ಅಷ್ಟೇ ಸಾಕಾಯಿತು. ಹಿಂದಿನಿಂದ ಯಾರೋ, "ಯಾಕಮ್ಮಿ ಶಶಿ, ನೀನೂ ಸೇರ್ಕೊಂಡೇ ಮಾಡಿದ್ದಲ್ವಾ," ಅಂದರು. ನಾನು, ಕರೆಂಟಿನ ಭಾಗ ನಂದಲ್ಲ ಅಂದೆ. ಸುಳ್ಳಲ್ಲ ಅದು. ಈಗ ನೋಡಿದರೆ ಅಕ್ಷರ ಅಕ್ಷರ ನಿಜ. ನೀನು ತಲೆಯೆತ್ತಿ ನೋಡಿದೆ, ಟ್ಯಾಂಕಿನ ಕೆಳಗೆ ಬಗ್ಗಿ ಸ್ಕ್ರೂ ಬಿಚ್ಚಲು ಕೂತೆ. ಚಿಕ್ಕವೆಂಕಟಮ್ಮ ಖಾಲಿ ಕ್ಯಾನು ತೊಳೆಯುತ್ತಾ, "ಅವ್ನು ಆಯ್ತು ಅಂದ, ನೀನು ನಂದಲ್ಲ ಅಂದೆ. ಅಂಗಾರೆ ಆಲು ಯಾರ್ದಮ್ಮಿ?" ಅಂದಳು. ಬೂದಿಕೋಟೆ ದಾಟಿ ನಿಮ್ಮ ಮನೆ ಸೇರುವವರೆಗೂ ಸ್ಕೂಟರಿನಲ್ಲಿ ಬಿಚ್ಚಿದ ಬೋರ್ಡು ನಮ್ಮಿಬ್ಬರ ನಡುವೆ ಇತ್ತು.

ಆಮೇಲಾದರೂ ಜಗಳ ಆಡಬೇಕಿತ್ತು. ನಾನು ಕಾದೆ ಕಣೋ. ನೀನು ಒಂದು ಸಲ ಕೂಗಾಡಿದ್ದರೆ ನಾನು ಎರಡು ಸಲ ಕೂಗಾಡಿ, ಅತ್ತು, ಮುಗಿಸಿಬಿಡುತ್ತಿದ್ದೆ. ಸಾರಿಗೆ ಉಪ್ಪು ಹೆಚ್ಚಾಯಿತಾ ಅಂದರೆ ಆಯ್ತು. ಊಟಕ್ಕೆ ಬಾ ಅಂದರೆ ಆಯ್ತು, ಬರುತ್ತಿರಲಿಲ್ಲ. ಕೊನೆಗೆ ನಾನು, ಇನ್ನುಮೇಲೆ ಬಂಗಾರಪೇಟೆಯ ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲೇ ಇರುತ್ತೇನೆ, ಹೋಗ್ತೀನಿ ಅಂದೆ. ಅದಕ್ಕೂ ಆಯ್ತು. ಮಾವ ಮಂಚದಲ್ಲಿ ಎದ್ದು ಕೂತು, "ಪೋರೇನ್ ಅಂತ ಸೊಲ್ಲಬಾರದು ಮಾ, ಪೋಯಿಟ್ಟು ವರೇನ್ ಅನ್ನು," ಅಂದರು. ಹೋಗ್ತೀನಿ ಅನ್ನಬಾರದು, ಹೋಗಿಬರ್ತೀನಿ ಅನ್ನಬೇಕು ಅಂತ ನನ್ನ ಅಮ್ಮನೂ ಹೇಳುತ್ತಿದ್ದ ಮಾತೇ. ನನ್ನ ಬಾಯಿಂದ ಬರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮಾಡಿದೆ. ನೀನು ಒಳಗೆ ರೇಡಿಯೋಗೆ ಬೆಸುಗೆ ಹಾಕುತ್ತಿದ್ದೆ, ಅದರ ಹೊಗೆ ಮಾತ್ರ ಬಾಗಿಲ ತನಕ ಬಂತು.

ನಿನ್ನ 'ಆಯ್ತು'ಗಳಲ್ಲಿ ಯಾವುದು ಒಪ್ಪಿಗೆ, ಯಾವುದು ಬರೀ ವಾಪಸ್ ಬೆಲ್ಲು ಅಂತ ಈಗ ಒಂದೊಂದಾಗಿ ತೆಗೆದು ನೋಡುತ್ತಿದ್ದೇನೆ. ಬೇಡದ ಕೆಲಸ ಇದು, ಮನಸ್ಸು ಕೇಳುವುದಿಲ್ಲ. ಬಂಗಾರಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ, ಮಾರಿಕುಪ್ಪಂ ಗಾಡಿ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿದ್ದಾಗ ನಾನು ಮದುವೆ ಆಗೋಣ್ವಾ ಅಂತ ಕೇಳಿದ್ದೆ. ಹೆಣ್ಣುಮಗಳು ತಾನೇ ಬಾಯಿಬಿಟ್ಟು ಕೇಳಬೇಕಾಯಿತು, ನಿನ್ನನ್ನು ಕಾದಿದ್ದರೆ ಆಗುತ್ತಿತ್ತಾ? ನೀನು ಆಯ್ತು ಅಂದು, ಸರ್ರನೆ ತಿರುಗಿ ಹೋಗಿ, ಎರಡು ಕಪ್ಪು ಟೀ ತಂದೆ. ಟೀ ಕುಡಿಯೋಣ್ವಾ ಅಂದೆ ಅಂತ ಕೇಳಿಸಿತ್ತೇನೋ ನಿನಗೆ ಅಂತ ಎಷ್ಟು ಸಲ ರೇಗಿಸಿದ್ದೇನೆ. ನೀನು ಒಂದು ಸಲವೂ ಅಲ್ಲ ಅಂತ ಹೇಳಲಿಲ್ಲ. ಆಗ ಅದು ತಮಾಷೆ. ಈಗ ಅದೂ ಬರೀ ಬೆಲ್ಲೇ ಇತ್ತಾ ಅಂತ ಅನುಮಾನ.

ಇರಲಿ. ಪೆನ್‌ಡ್ರೈವ್ ಇದರ ಜೊತೆ ಇಟ್ಟಿದ್ದೇನೆ, ಅದರಲ್ಲಿ ಎರಡು ಫೈಲೂ ಇವೆ. ಆ ಸಾಲನ್ನು ನಾನೇ ಬದಲಾಯಿಸಬಹುದು, ಹೆಚ್ಚು ಕೆಲಸವಿಲ್ಲ, ನಿನ್ನ ಗುರುತನ್ನು ಮಾತ್ರ ಅಳಿಸುವ ಹಾಗೆ ಮಾಡಿದರೆ ಆಯಿತು. ಆದರೆ ನಿನ್ನ ಫೈಲು. ನೀನೇ ಮಾಡಿ ಕಳಿಸು. ನೀನೇ ತಂದುಕೊಟ್ಟರೂ ಆಗುತ್ತದೆ, ಬೋರ್ಡು ಇಲ್ಲಿಯೇ ಇದೆ, ಒಟ್ಟಿಗೆ ಕೂಗಿಸಿ ನೋಡಲು ಎರಡು ಜೊತೆ ಕೈ ಇದ್ದರೆ ಅನುಕೂಲ.

ಇನ್ನೊಂದು. ಮುಂದಿನ ತಿಂಗಳ ಮೊದಲ ಗುರುವಾರ ಕೋರ್ಟು. ನಿಮ್ಮ ಮನಸ್ಸಿನಿಂದ ಒಪ್ಪಿದ್ದೀರಾ ಅಂತ ಜಡ್ಜು ಇಬ್ಬರನ್ನೂ ಕೇಳುತ್ತಾರಂತೆ. ಅಲ್ಲಿ ಮಾತ್ರ ಆಯ್ತು ಅನ್ನಬೇಡ ಅಂಬರೀಶ. ಹೌದಾದರೆ ಹೌದು ಅನ್ನು, ಇಲ್ಲವಾದರೆ ಇಲ್ಲ ಅನ್ನು. ಅಲ್ಲಿ ಏನು ಹೇಳುತ್ತೀಯೋ ಅದನ್ನು ಮೊದಲು ನನಗೆ ಬರೆದು ತಿಳಿಸು. ಪೂರ್ತಿ ಓದಿ, ನಾನು ಕೇಳಿದ್ದನ್ನೂ ಕೇಳದೆ ಇದ್ದದ್ದನ್ನೂ ಓದಿ, ಆಮೇಲೆ ಬರೆ. ಅದು ಏನಾದರೂ ಸರಿ, ನಿಜವಾಗಿ ನಿನ್ನದೇ ಆಗಿದ್ದರೆ ನಾನು ತಡೆದುಕೊಳ್ಳುತ್ತೇನೆ.

ಇಂತಿ,
ಶಶಿರೇಖ

ಮರೆತ ಮಾತು: ವರ್ಕ್‌ಶಾಪಿನ ಕೆಳಗಿನ ಮನೆ ಖಾಲಿಯಾಗುತ್ತಿದೆ. ಮಾವನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲವಲ್ಲ ಅಂತ ಓನರ್ ಅಶ್ವತ್ಥಮ್ಮನಿಗೆ, ಸ್ವಲ್ಪ ದಿನ ಯಾರಿಗೂ ಕೊಡಬೇಡಿ ಅಂದಿದ್ದೇನೆ. ಸುಮ್ಮನೆ ಹೇಳಿಟ್ಟದ್ದು, ಅಷ್ಟೇ.

*

ಕೋರಮಂಡಲ್
ಶಿವರಾತ್ರಿಯ ಮಾರನೇ ದಿನ, ಗುರುವಾರ

ಪ್ರಿಯ ಶಶಿ,

ನೀನು ಖಾಲಿ ಬಿಟ್ಟಿದ್ದ ಜಾಗದ ಪದ ನಾನು ಬರೆದಿದ್ದೇನೆ. ನನ್ನ ಕನ್ನಡ ಅಕ್ಷರ ನಿನಗೆ ಗೊತ್ತೇ ಇದೆ, ಮನೆಯಲ್ಲಿ ತಮಿಳು, ಸ್ಕೂಲಲ್ಲಿ ಕನ್ನಡ. ತಪ್ಪಿದ್ದರೆ ತಿದ್ದಿ ಓದಿಕೋ.

ನಾನು ಚೆನ್ನಾಗಿದ್ದೇನೆ. ಇದು ಮೊದಲನೇ ಉತ್ತರ. ಅಪ್ಪನ ಕೆಮ್ಮು ಚಳಿ ಹೋದ ಮೇಲೆ ಕಡಿಮೆ, ಗಾಳಿ ಎದ್ದು ಹಳೆ ಗಣಿಯ ಸೈನೈಡ್ ದಿಬ್ಬದ ಮಣ್ಣು ಹಾರಿದರೆ ಮತ್ತೆ ಜಾಸ್ತಿ. ಇದು ಎರಡನೇ ಉತ್ತರ.

ನಿನ್ನ ಕಾಗದವನ್ನು ಮೊದಲ ಸಲ ಓದಿದಾಗ ಬಾಯಲ್ಲಿ ಆಯ್ತು ಅಂತಲೇ ಬಂತು. ಎದುರಿಗೆ ಯಾರೂ ಇರಲಿಲ್ಲ, ನನಗೇ ನಗು ಬಂತು. ಮಡಿಸಿಟ್ಟೆ. ಮತ್ತೆ ಓದಿದೆ. ಅಪ್ಪನಿಗೂ ತಮಿಳಿನಲ್ಲಿ ಹೇಳುತ್ತಾ ಓದಿದೆ, ಕೆಳಗಿನ ಮನೆಯ ವಿ‍ಷಯದ ತನಕ. ಅಪ್ಪ ಎಲ್ಲಾ ಕೇಳಿ ಲೋಟವನ್ನು ಒಂದು ಸಲ ಕುಟ್ಟಿದರು. ಒಂದು ಅಂದರೆ ನಿಲ್ಲಿಸು ಅಂತ. ನನಗೆ ಹೇಳಿದರೋ ನಿನಗೆ ಹೇಳಿದರೋ ಗೊತ್ತಾಗಲಿಲ್ಲ. ನಾನು ವಾಪಸ್ ಕುಟ್ಟಲಿಲ್ಲ.

ಮೊದಲು ಬೋರ್ಡು. ನೀನು ಬರೆದದ್ದು ಸರಿ. ನನ್ನ ಸಾಲು ತಪ್ಪು. ತಿದ್ದಿ ಪೆನ್‌ಡ್ರೈವನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ, ಈಗ ನನ್ನ ಗುರುತನ್ನು ಮಾತ್ರ ಅಳಿಸುತ್ತದೆ. ನಿನ್ನದು ಇದ್ದ ಹಾಗೇ ಇರುತ್ತದೆ, ನೀನು ಬಂದು ನೋಡುವ ತನಕ. ಇಲ್ಲಿ ಅಂಗಡಿಯಲ್ಲಿ ಅದೇ ಚಿಪ್ಪು ಸಿಕ್ಕಿತು, ಎರಡನ್ನೂ ಒಟ್ಟಿಗೆ ಕೂಗಿಸಿ ನೋಡಿದ್ದೇನೆ. ಎರಡೂ ಕೂಗುತ್ತವೆ. ಒಪ್ಪಂದ ಮುರಿದು ನಿನ್ನ ಫೈಲನ್ನೂ ಒಂದು ಕಡೆ ಮುಟ್ಟಿದ್ದೇನೆ, ಬೈಯಬೇಡ. ಗುರುತು ಕಾಣಲಿಲ್ಲ ಅಂದರೆ ನಿನ್ನದು ಕೂಡಲೇ ನಂದಲ್ಲ ಅನ್ನುತ್ತಿತ್ತು. ಈಗ ಹಾಗೆ ಅಂದ ಮೇಲೂ ಹಾಲು ಎಷ್ಟು ಬೆಚ್ಚಗಿದೆ ಅಂತ ತಾನೇ ಹೋಗಿ ಒಂದು ಸಲ ನೋಡಿಬರುತ್ತದೆ. ಚಿಕ್ಕವೆಂಕಟಮ್ಮನಿಗೆ ಹೇಳು.

ಇನ್ನು ನಮ್ಮದು. ನೀನು ಅವತ್ತು ಡೈರಿ ಮುಂದೆ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಇಳಿದೂ ಹೋಗುತ್ತಿತ್ತು. ನಿಜ ಹೇಳಿದೆ, ನಿಜದ ಮೇಲೆ ಸಿಟ್ಟು ಮಾಡುವುದು ಹೇಗೆ? ಅದು ಇವತ್ತಿಗೂ ಎದೆಯಲ್ಲಿ ಹಾಗೇ ಇದೆ. ಇದನ್ನು ಅವತ್ತೇ ಸ್ಕೂಟರಿನಲ್ಲಿ ಹೇಳಬೇಕಿತ್ತು. ಹೇಳದೆ ಇದ್ದದ್ದು ನನ್ನದು.

ನಿನ್ನ ಮುಂದೆ ನಿಂತರೆ ನನಗೆ ಬೇರೆ ಮಾತು ಬರಲ್ಲ ಶಶಿ. ನೀನು ಕೇಳಿ ಮುಗಿಸಿ ಮುಂದಿನದಕ್ಕೆ ಹೋಗಿರುತ್ತೀಯ, ನಾನು ಇನ್ನೂ ಮೊದಲನೆಯದನ್ನು ಯೋಚನೆ ಮಾಡುತ್ತಿರುತ್ತೇನೆ. ನಿನ್ನನ್ನು ಕಾಯಿಸಬಾರದು ಅಂತ ಆಯ್ತು ಅಂದುಬಿಡುತ್ತೇನೆ. ಯೋಚನೆ ಮುಗಿದು ಬೇಡ ಅಂತ ಗೊತ್ತಾಗುವಷ್ಟರಲ್ಲಿ ಆ ಕೆಲಸ ಆಗಿಹೋಗಿರುತ್ತದೆ. ನಿನ್ನ ತಪ್ಪಲ್ಲ. ಈಗ ರಾಬರ್ಟ್‌ಸನ್‌ಪೇಟೆಯ ಇನ್ವರ್ಟರ್ ರಿಪೇರಿ ಅಂಗಡಿಯಲ್ಲಿ ಇದ್ದೇನೆ. ಮೊನ್ನೆ ಒಬ್ಬರು ಸುಟ್ಟುಹೋದ ಬೋರ್ಡು ತಂದು, "ಸಾಯಂಕಾಲುಕ್ಕೆ ಬತ್ತೀನಿ, ಆಗೋಗಿರ್ಬೇಕು ಕಣಪ್ಪಾ," ಅಂದರು. ಆಗಲ್ಲ ಅಂದೆ. ಜೀವನದಲ್ಲಿ ಮೊದಲ ಸಲ ಇರಬೇಕು. ಅಂಗಡಿಯಿಂದ ಹೊರಗೆ ಬಂದು ಗೋಡೆ ಹಿಡಿದು ನಿಂತೆ. ಅವರು ಸಿಟ್ಟಾಗಲಿಲ್ಲ. ಮಾರನೇ ದಿನ ಬಂದು ತೆಗೆದುಕೊಂಡು ಹೋದರು.

ಮತ್ತೆ ಒಂದೇ ಮನೆಯಲ್ಲಿ ಇರೋಣ ಅಂತ ನೀನು ಕಾಗದದಲ್ಲಿ ಎಲ್ಲೂ ಬರೆದಿಲ್ಲ. ಆದರೆ ಕಾಗದ ಪೂರ್ತಿ ಅದೇ ಇದೆ. ಪೂರ್ತಿ ಓದು ಅಂದೆ, ಓದಿದೆ. ಆಮೇಲೆ ಬರೆ ಅಂದೆ, ಯೋಚನೆ ಮಾಡಿ ಬರೆಯುತ್ತಿದ್ದೇನೆ. ಎಷ್ಟು ದಿನ ಹಿಡಿಯಿತು ನೋಡು. ನಿನಗೆ ನಾನು ಆಯ್ತು ಅಲ್ಲದೆ ಬೇರೆ ಉತ್ತರ ಕೊಡುತ್ತಿರುವುದು ಇದೇ ಮೊದಲು, ಅದು ಇದೇ ಆಗಬೇಕಾಯಿತಲ್ಲ ಅಂತ ನನಗೂ ಸಂಕಟ. ಆಗಲ್ಲ ಶಶಿ.

ಅಲ್ಲಿಗೆ ಬಂದರೆ ಮತ್ತೆ ಮೊದಲ ದಿನದಿಂದಲೇ ಆಯ್ತು ಅನ್ನಲು ಶುರು ಮಾಡುತ್ತೇನೆ, ನೀನು ಪ್ರತಿ ಸಲ ಇದು ನಿಜವೋ ಬರೀ ಬೆಲ್ಲೋ ಅಂತ ನನ್ನ ಮುಖ ನೋಡುತ್ತೀಯ. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಮುಂದಿನ ಗುರುವಾರ ಕೋರ್ಟಿಗೆ ಬರುತ್ತೇನೆ. ಕೇಳಿದರೆ ಆಯ್ತು ಅನ್ನುವುದಿಲ್ಲ. ಒಪ್ಪಿಗೆ ಇದೆ ಅನ್ನುತ್ತೇನೆ. ಅಪ್ಪನ ಹೆಸರು ತಪ್ಪಾಗಿರುವುದನ್ನು ಆಗಲೇ ನೋಡಿದ್ದೆ, ತಿದ್ದಿಸಲು ವಕೀಲರಿಗೆ ಫೋನ್ ಮಾಡಿದ್ದೇನೆ. ಅಶ್ವತ್ಥಮ್ಮನಿಗೆ ಮನೆ ಬೇರೆಯವರಿಗೆ ಕೊಡಲು ಹೇಳಿಬಿಡು, ಪಾಪ, ಖಾಲಿ ಇಟ್ಟುಕೊಂಡು ಕೂರುವುದು ಬೇಡ.

ಬೋರ್ಡು ಚೆನ್ನಾಗಿ ಮಾಡಿದ್ದೀಯ. ಕಾಮಸಮುದ್ರದವರಿಗೆ ಧೈರ್ಯವಾಗಿ ಕೊಡು. ಡ್ರೈವರಿನಲ್ಲಿ ಇಬ್ಬರ ಹೆಸರೂ ಇರಲಿ, ನನ್ನದನ್ನು ತೆಗೆಯಬೇಡ.

ನಿನ್ನ
ಅಂಬರೀಶ್

ಮರೆತ ಮಾತಲ್ಲ, ಕೊನೆಗೆ ಉಳಿಸಿಕೊಂಡದ್ದು: ಅವತ್ತು ಸ್ಟೇಷನ್ನಿನಲ್ಲಿ ಗಾಡಿ ಕೂಗುತ್ತಿತ್ತು, ನಿಜ. ಆದರೂ ನೀನು ಕೇಳಿದ್ದು ಮದುವೆ ಅಂತಲೇ ಕೇಳಿಸಿತ್ತು. ಪೂರ್ತಿ ಕೇಳಿಸಿಕೊಂಡೇ ಆಯ್ತು ಅಂದೆ. ಟೀ ತರಲು ಓಡಿದ್ದು ಕೈ ನಡುಗುತ್ತಿತ್ತು ಅಂತ, ನಿನಗೆ ಕಾಣಬಾರದು ಅಂತ.